ನಾಯಿಗಾಗಿ ತೆರೆದಿಟ್ಟ ಹಿಂಬಾಗಿಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳುವುದರಲ್ಲಿ ನನ್ನ ಬಾಯಿಂದ ಬಂದ ಒಂದು ಮಾತಿದೆ, ಅದನ್ನು ಕೇಳಿ ಯಾರಾದರೂ ಛೀ ಅಂದರೆ ನಾನು ಅಡ್ಡ ಬರುವುದಿಲ್ಲ.

ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದವನು ನಾನು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವುದಕ್ಕೆ ಮೈ ಒಗ್ಗಲಿಲ್ಲ. ಯುದ್ಧದ ಕಾಲಕ್ಕೆ ಸೈನ್ಯ ಸೇರಿ ಲಾರಿ ಹೊಡೆಯುವುದನ್ನು ಕಲಿತೆ. ಯುದ್ಧ ಮುಗಿದು ಊರಿಗೆ ಬಂದಾಗ ಹೆಂಡತಿ ಇರಲಿಲ್ಲ. ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟಿದ್ದಳಂತೆ. ಕಾಗದ ಬರೆಸಿದ್ದರಂತೆ, ನನಗೆ ಮುಟ್ಟಿರಲಿಲ್ಲ. ಅಣ್ಣಂದಿರು ಮನೆ ಪಾಲು ಮಾಡಿಕೊಂಡು ನನಗೆ ಅಂತ ಬೀದಿ ಕಡೆಯ ಒಂದು ಕೋಣೆ ಉಳಿಸಿದ್ದರು. ಸ್ವಾತಂತ್ರ್ಯ ಬಂದ ದಿನ ಗದಗಿನ ಸ್ಟೇಷನ್ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೊತ್ತಿದ್ದವರು ಗೊತ್ತಿಲ್ಲದವರು ಅನ್ನದೆ ಎಲ್ಲರೂ ತಬ್ಬಿಕೊಳ್ಳುತ್ತಿದ್ದರು. ನನ್ನನ್ನೂ ಯಾರೋ ತಬ್ಬಿಕೊಂಡರು. ಅವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಆದರೆ ಊರಿಗೆ ಬಂದ ಮೇಲೆ ನನ್ನನ್ನು ಮುಟ್ಟಿದ ಮೊದಲ ಮನುಷ್ಯ ಅವರೇ.

ಬೆಟಗೇರಿಯಲ್ಲಿ ಸೀರೆ ವ್ಯಾಪಾರದ ಸಾವಕಾರರೊಬ್ಬರು ಸೈನ್ಯದವರು ಹರಾಜಿಗೆ ಹಾಕಿದ ಒಂದು ಮೋಟಾರು ತಂದರು. ಅದಕ್ಕೆ ಡ್ರೈವರ್ ಆಗಿ ನನ್ನನ್ನು ಇಟ್ಟುಕೊಂಡರು. ಉದ್ದನೆಯ ಗಾಡಿ, ಮೈಯೆಲ್ಲ ಕಟ್ಟಿಗೆಯದು, ಸ್ಟೇರಿಂಗ್ ಎಡಕ್ಕೆ. ಹಿಂದುಗಡೆಯ ಬಾಗಿಲು ಎರಡು ತುಂಡು: ಮೇಲಿನ ಗಾಜಿನದನ್ನು ಮೇಲಕ್ಕೆತ್ತಬೇಕು, ಕೆಳಗಿನ ಹಲಗೆಯನ್ನು ಕೆಳಕ್ಕಿಳಿಸಬೇಕು. ಅದರೊಳಗೆ ಸೀರೆ ಗಂಟು ತುಂಬಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಅಂತ ತಿರುಗುತ್ತಿದ್ದೆವು. ಮೊದಲಿಗೆ ಲಕ್ಷ್ಮೇಶ್ವರ ಮಿರಜಿನ ದೊರೆಗಳದು, ಶಿರಹಟ್ಟಿ ಸಾಂಗಲಿಯವರದು, ಮುಂಡರಗಿ ಮುಂಬಯಿ ಸರಕಾರದ್ದು. ಒಂದು ದಿನದಲ್ಲಿ ಮೂರು ರಾಜ್ಯ ಸುತ್ತಿ ಬಂದು ಒಬ್ಬನೇ ರೊಟ್ಟಿ ತಿಂದು ಮಲಗುತ್ತಿದ್ದೆ. ಆಮೇಲೆ ಸಂಸ್ಥಾನಗಳು ಹೋದವು. ಒಬ್ಬನೇ ಉಣ್ಣುವುದು ಮಾತ್ರ ಹೋಗಲಿಲ್ಲ.

ನಾಯಿ ಬಂದದ್ದು ಲಕ್ಷ್ಮೇಶ್ವರದ ಸಂತೆಯಲ್ಲಿ. ಗಂಟು ಇಳಿಸಿ ಬಂದು ನೋಡುತ್ತೇನೆ, ಹಿಂದೆ ಗೋಣಿಚೀಲದ ಮೇಲೆ ಕಂದು ಬಣ್ಣದ ಒಂದು ಹೆಣ್ಣು ಮರಿ, ತನ್ನ ಅಜ್ಜನ ಗಾಡಿ ಅನ್ನುವ ಹಾಗೆ ಮಲಗಿದೆ. ಇಳಿಸಿದೆ, ಹತ್ತಿತು. ಮತ್ತೆ ಇಳಿಸಿದೆ, ಮತ್ತೆ ಹತ್ತಿತು. ಮೂರನೆಯ ಸಲಕ್ಕೆ ನನಗೇ ಬೇಸರವಾಗಿ ಬಿಟ್ಟೆ. ಅಡರಕಟ್ಟಿ ದಾಟುವವರೆಗೆ ಸಾವಕಾರರು ಹಿಂತಿರುಗಿ ನೋಡಿರಲಿಲ್ಲ. ನೋಡಿದ ಮೇಲೆ ಅಂದರು:

"ಏನಲೇ ಇದು? ನಾ ನಿನ್ನ ಗಾಡಿಗೆ ಡ್ರೈವರ್ ಅಂತ ಇಟ್ಕೊಂಡೇನೋ, ಈ ನಾಯಿಗೋ?"

"ಎರಡಕ್ಕೂ ಇರ್ಲಿ ಬಿಡ್ರಿ. ಪಗಾರ ಒಂದ ಅಲ್ಲೇನ್ರಿ?" ಅಂದೆ. ಅವರು ನಕ್ಕುಬಿಟ್ಟರು, ಹಾಗಾಗಿ ನಾಯಿ ಉಳಿಯಿತು.

ಹೆಸರು ಇಡಲಿಲ್ಲ. "ಬಾರ ನಮ್ಮವ್ವಾ" ಅಂತ ಕರೆಯುತ್ತಿದ್ದೆ, ಬರುತ್ತಿತ್ತು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡು ನಗುತ್ತಿದ್ದರು. ನಗಲಿ. ಇಡೀ ದಿನದಲ್ಲಿ ಗೇರು, ಬ್ರೇಕು, ಪೆಟ್ರೋಲು ಬಿಟ್ಟು ನಾನು ಬೇರೆ ಮಾತಾಡುತ್ತಿದ್ದುದು ಅದರ ಜೊತೆಗೆ ಮಾತ್ರ. ಸಾರಿಗೆ ಉಪ್ಪು ಹೆಚ್ಚಾಯಿತು ಅಂತಲೂ ಅದಕ್ಕೇ ಹೇಳುತ್ತಿದ್ದೆ.

ಒಂದು ಸಲ ನಾನೇ ಅದನ್ನು ಕೊಲ್ಲುವವನಿದ್ದೆ. ಶಿರಹಟ್ಟಿಯಲ್ಲಿ, ಬೇಸಿಗೆಯ ನಡುಮಧ್ಯಾಹ್ನ. ಸೀರೆ ಗಂಟು ಒಳಗಿವೆ ಅಂತ ಗಾಡಿಯ ಎಲ್ಲ ಬಾಗಿಲು ಹಾಕಿ ಊಟಕ್ಕೆ ಹೋದೆ. ನಾಯಿ ಒಳಗೇ ಮಲಗಿದ್ದು ನೋಡಿರಲಿಲ್ಲ. ಬಂದು ಬಾಗಿಲು ತೆಗೆದರೆ ನಾಲಿಗೆ ಹೊರಚಾಚಿ, ಕಣ್ಣು ಮೇಲೆ ಮಾಡಿ ಬಿದ್ದಿತ್ತು. ಎತ್ತಿಕೊಂಡು ಬಾವಿಯ ಕಡೆ ಓಡಿದೆ. ನೀರು ಸೇದುತ್ತಿದ್ದವರು "ಏನಾತೋ ಮಾರಾಯ, ಕೂಸಿಗೆ ಏನಾತು?" ಅಂದರು, ಅಷ್ಟು ಕೂಗುತ್ತಿದ್ದೆನಂತೆ ನಾನು. ಕೊಡಗಟ್ಟಲೆ ನೀರು ಸುರಿದ ಮೇಲೆ ಬಾಲ ಅಲ್ಲಾಡಿತು. ಅವತ್ತಿನಿಂದ ನಿಂತ ಗಾಡಿಯ ಬಾಗಿಲು ಹಾಕಿದ್ದು ಕಂಡರೆ ಅದು ಹೆದರಿ ಅಳುತ್ತಿತ್ತು. ನಾನೂ ಆಣೆ ಮಾಡಿದೆ: ಗಾಡಿ ಎಲ್ಲೇ ನಿಲ್ಲಲಿ, ಹಿಂಬಾಗಿಲು ತೆರೆದೇ ಇರಬೇಕು.

ಅಲ್ಲಿಂದ ಶುರುವಾಯಿತು ನೋಡಿ ಸಾವಕಾರರ ಕಿರಿಕಿರಿ. "ಮುಂದ ಕೀಲಿ ಜಡದು ಹಿಂದ ಬಾಗಲಾ ತಗದಿಟ್ರ, ಕಳ್ಳರಿಗೆ ಬರ್ರಿ, ಕುಂಡ್ರಿ ಅಂದಂಗ ಆತಲ್ಲೋ!"

ಅವರ ಮಾತೂ ಸುಳ್ಳಲ್ಲ. ಹಾಗಾಗಿ ನಾನೊಂದು ಕ್ರಮ ಮಾಡಿಕೊಂಡೆ. ಮುಂದಿನ ಸೀಟಿಗೂ ಹಿಂದಿನ ಜಾಗಕ್ಕೂ ನಡುವೆ ಕಬ್ಬಿಣದ ಜಾಳಿಗೆ ಬಡಿಸಿದೆ. ಗಂಟುಗಳಿಗೆ ಒಂದು ಕಟ್ಟಿಗೆಯ ಪೆಟ್ಟಿಗೆ, ಅದಕ್ಕೆ ಕೀಲಿ, ಪೆಟ್ಟಿಗೆ ಗಾಡಿಯ ತಳಕ್ಕೆ ಬೋಲ್ಟು. ಗಾಡಿ ನಿಲ್ಲಿಸಿದ ಕೂಡಲೇ ರಿವರ್ಸ್ ಗೇರಿಗೆ ಹಾಕಿ, ನಾಲ್ಕೂ ಗಾಲಿಗೆ ಕಲ್ಲು ಕೊಟ್ಟು, ಮುಂದಿನ ಎರಡೂ ಬಾಗಿಲಿಗೆ ಕೀಲಿ ಹಾಕುತ್ತಿದ್ದೆ. ಕೊನೆಗೆ ಸೈನ್ಯದಲ್ಲಿ ಕಲಿತ ವಿದ್ಯೆ: ಎಂಜಿನ್ನಿನ ಒಳಗೆ ಹೆಬ್ಬೆರಳಿನಷ್ಟು ಒಂದು ರೋಟರ್ ಇರುತ್ತದೆ, ಅದಿಲ್ಲದಿದ್ದರೆ ಎಂಥ ಹುಲಿಯಂಥ ಡ್ರೈವರ್ ಬಂದರೂ ಗಾಡಿ ಚಾಲೂ ಆಗುವುದಿಲ್ಲ. ಅದನ್ನು ಕಿತ್ತು ಕಿಸೆಗೆ ಹಾಕಿಕೊಳ್ಳುತ್ತಿದ್ದೆ. ಆಮೇಲೆ ಹಿಂದೆ ಹೋಗಿ ಗಾಜು ಮೇಲಕ್ಕೆತ್ತಿ ಗಾಳಿಗೆ ಬೀಳದಂತೆ ಹಗ್ಗ ಕಟ್ಟಿ, ಹಲಗೆ ಇಳಿಸಿ, "ಕುಂಡ್ರವ್ವಾ" ಅನ್ನುತ್ತಿದ್ದೆ. ನಾಯಿ ಹಲಗೆಯ ಅಂಚಿಗೆ ಗದ್ದ ಇಟ್ಟು ಮಲಗುತ್ತಿತ್ತು. ಬೇಕಾದಾಗ ಇಳಿದು ತಿರುಗಾಡಿ ಬಂದು ಮತ್ತೆ ಹತ್ತುತ್ತಿತ್ತು. ಆರು ವರ್ಷ ಒಂದು ಸೀರೆ ಹೋಗಲಿಲ್ಲ, ಒಂದು ನೂಲಿನ ಎಳೆ ಹೋಗಲಿಲ್ಲ.

ಏಕೀಕರಣವಾದ ವರ್ಷದ ಶ್ರಾವಣ. ತುಂಗಭದ್ರೆ ತುಂಬಿತ್ತು. ಕೊರ್ಲಹಳ್ಳಿಯಿಂದ ಹೊಳೆ ದಾಟಿ ಹಡಗಲಿ ಕಡೆಯ ಹಳ್ಳಿಯೊಂದರಲ್ಲಿ ದೊಡ್ಡ ಮನೆಯವರಿಗೆ ಸೀರೆ ತೋರಿಸಬೇಕಿತ್ತು. ಆಗ ಆಚೆ ದಂಡೆ ಮೈಸೂರು, ಈಚೆ ದಂಡೆ ಮುಂಬಯಿ. ಎರಡೂ ಕಡೆಯ ಜನ ಒಂದೇ ಹೊಳೆಯ ನೀರು ಕುಡಿದು, ಒಂದೇ ಮಾತು ಆಡುತ್ತಿದ್ದರು. ಗಾಡಿ ದಾಟಿಸುವ ದಾರಿ ಇರಲಿಲ್ಲ, ಹರಗೋಲಿನಲ್ಲಿ ಹೋಗಬೇಕು. ಯಾವಾಗಲೂ ಗಂಟು ಹೊರಲು ಊರಿನ ಹಮಾಲನೊಬ್ಬ ಬರುತ್ತಿದ್ದ, ನಾನು ಗಾಡಿಯ ಹತ್ತಿರ ಉಳಿಯುತ್ತಿದ್ದೆ. ಅವತ್ತು ಅವನಿಗೆ ಮೈಯಲ್ಲಿ ಆರಾಮಿರಲಿಲ್ಲ. "ನೀನ ಬಾರೋ, ಜಲ್ದಿ ಹೋಗಿ ಜಲ್ದಿ ಬರೂನು" ಅಂದರು ಸಾವಕಾರರು.

ದಂಡೆಯ ಮೇಲೆ ಒಂದು ಮನೆ. ಅಲ್ಲೊಬ್ಬ ಮುದುಕಿ, ನಾವು ಹೋದಾಗಲೆಲ್ಲ ಕಟ್ಟೆಯ ಮೇಲೆ ಕುಳಿತು ಕಾಳು ಹಸನು ಮಾಡುತ್ತಿರುತ್ತಿದ್ದಳು. ಮಾತಾಡಿಸಿದರೆ ಮಜ್ಜಿಗೆ ಕೊಡದೆ ಬಿಡುತ್ತಿರಲಿಲ್ಲ. ನಾನು ಅವಳನ್ನು ಆಯಿ ಅನ್ನುತ್ತಿದ್ದೆ. ಗಾಡಿಯನ್ನು ಅವಳ ಮನೆಯ ಮುಂದೆ ನಿಲ್ಲಿಸಿ, ನನ್ನ ಕ್ರಮವೆಲ್ಲ ಮುಗಿಸಿ, ಹಿಂಬಾಗಿಲು ತೆರೆದಿಟ್ಟು ಅವಳ ಹತ್ತಿರ ಹೋದೆ.

"ಆಯಿ, ಒಂದೀಟು ಗಾಡಿ ಕಡೆ ಲಕ್ಷ್ಯ ಇರ್ಲಿ. ಗಾಲಿ ಕೆಳಗಿನ ಕಲ್ಲು ಯಾರೂ ಮುಟ್ಟಬಾರ್ದು ನೋಡ್ರಿ. ಸಂಜಿ ಒಳಗ ಬರ್ತೀವಿ."

"ಹೋಗಿ ಬಾ ತಮ್ಮಾ. ನಾ ಎಲ್ಲಿ ಹೋಗಾಕಿ, ಇಲ್ಲೇ ಕುಂತಿರ್ತೀನಿ."

"ನಿಮ್ಮ ಮನಿ ಹೆಂಗ ನೋಡ್ಕೋತೀರಿ, ಹಂಗ ನೋಡ್ಕೋರಿ ಮತ್ತ."

"ಅದನ್ನೂ ನೀ ಹೇಳಬೇಕೇನೋ ಎಪ್ಪಾ?" ಅಂದಳು ಆಯಿ.

ಕಲ್ಲಿನ ಮಾತು ಹೇಳಿದೆ. ಹಿಂಬಾಗಿಲ ಮಾತು ಹೇಳಲಿಲ್ಲ. ನನಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಹೇಳಬೇಕು ಅಂತಲೇ ಹೊಳೆಯಲಿಲ್ಲ. ಹರಗೋಲು ಹತ್ತುವಾಗ ನಾಯಿ ದಂಡೆಯವರೆಗೆ ಬಂದು ನಿಂತಿತು. "ಹೋಗು, ಗಾಡ್ಯಾಗ ಕುಂಡ್ರು" ಅಂತ ಗದರಿಸಿದೆ. ಹೋಗಲಿಲ್ಲ, ನೋಡುತ್ತಾ ನಿಂತಿತು.

ಆಚೆ ದಂಡೆಯಲ್ಲಿ ಸೀರೆ ನೋಡುವವರು ಒಬ್ಬರಲ್ಲ, ಇಬ್ಬರಲ್ಲ, ಇಡೀ ಮನೆತನ. ಅಂಚು ಸರಿ ಇದ್ದರೆ ಸೆರಗು ಸರಿ ಇಲ್ಲ, ಸೆರಗು ಸರಿ ಇದ್ದರೆ ಬಣ್ಣ ಸರಿ ಇಲ್ಲ. ಅವರ ಆಸೆ ಮುಗಿಯುವ ಹೊತ್ತಿಗೆ ಗಾಳಿ ಎದ್ದಿತು. ಗಾಳಿ ಇಳಿಯುವವರೆಗೆ ಹುಟ್ಟು ಹಾಕುವುದಿಲ್ಲ ಅಂದುಬಿಟ್ಟ ಹರಗೋಲಿನವನು. ನಾನು ದಂಡೆಯ ಮೇಲೆ ಕುಳಿತು ಅವನನ್ನೂ, ಗಾಳಿಯನ್ನೂ, ಸೀರೆ ಉಡುವ ಸಮಸ್ತ ಹೆಣ್ಣುಮಕ್ಕಳನ್ನೂ ಮನಸ್ಸಿನಲ್ಲೇ ಬೈದೆ.

ಈಚೆ ಬರುವಾಗ ಹೊತ್ತು ಮುಳುಗಿತ್ತು. ಹೊಳೆಯ ನಡುವಿನಿಂದಲೇ ಗಾಡಿ ಕಂಡಿತು. ಅದರ ಮುಂದೆ ಸಣ್ಣದೊಂದು ದೀಪ. ಆಯಿ ಇಟ್ಟಿದ್ದಾಳೆ ಅಂತ ತಿಳಿದು ನನಗೆ ಎಷ್ಟು ಹಿತವಾಯಿತೆಂದರೆ, ಸಾವಕಾರರಿಗೆ ಕೈಮಾಡಿ ತೋರಿಸಿದೆ. ಹೆಂಡತಿ ಸತ್ತ ಮೇಲೆ ನಾನು ಬರುವ ದಾರಿಗೆ ಯಾರೂ ದೀಪ ಹಚ್ಚಿ ಇಟ್ಟಿರಲಿಲ್ಲ.

ಹತ್ತಿರ ಬಂದೆ. ಮುಂದಿನ ಬಾನೆಟ್ಟಿಗೆ ಕುಂಕುಮ ಹಚ್ಚಿದ್ದಳು, ಮೇಲೊಂದು ಹೂವು. ಹಿಂದೆ ಹೋದೆ. ಗಾಜು ಕೆಳಗಿಳಿದಿತ್ತು, ಹಲಗೆ ಮೇಲಕ್ಕೆದ್ದಿತ್ತು, ಕೊಂಡಿ ಬಿದ್ದಿತ್ತು. ಹಲಗೆಯ ಬಣ್ಣದ ಮೇಲೆ ಉಗುರಿನ ಗೀರುಗಳು, ಒಂದರ ಮೇಲೊಂದು.

"ಆಯಿ! ನಾಯಿ ಎಲ್ಲಿ?"

ಆಯಿ ನಗುತ್ತಲೇ ಹೊರಗೆ ಬಂದಳು. "ಇಲ್ಲೇ ಇತ್ತಲ್ಲೋ. ನೀ ಹೋದಾಗಿಂದ ದಂಡಿ ಮ್ಯಾಲೇ ಕುಂತಿತ್ತು. ಕರದೆ, ಬರಲಿಲ್ಲ."

"ಹಿಂದಿನ ಬಾಗಲಾ ಯಾರು ಹಾಕಿದ್ರು?"

"ನಾನ ಹಾಕೀನಿ. ದೀಪಾ ಹಚ್ಚೂ ಹೊತ್ತಾತು ತಮ್ಮಾ. ಮುಂದ ದೀಪಾ ಇಟ್ಟೀನಿ, ಹಿಂದ ನೋಡಿದ್ರ ಬಾಗಲಾ ಹಾ ಅಂತ ತಗದೈತಿ! ವ್ಯಾಪಾರದ ಗಾಡಿ. ಬಂದ ಲಕ್ಷ್ಮಿ ಹಂಗ ಹೋಗಿಬಿಡ್ತಾಳಲ್ಲೋ."

ನಮ್ಮ ಕಡೆ ಮನೆಮನೆಯಲ್ಲೂ ಇದೇ ಪದ್ಧತಿ. ಸಂಜೆ ದೀಪ ಹಚ್ಚುವಾಗ ಮುಂಬಾಗಿಲು ತೆರೆದು ಹಿತ್ತಲ ಬಾಗಿಲು ಹಾಕುತ್ತಾರೆ. ಲಕ್ಷ್ಮಿ ಮುಂದಿನಿಂದ ಬರುತ್ತಾಳೆ, ಹಿಂದೆ ತೆರೆದಿದ್ದರೆ ನಿಲ್ಲದೆ ಹೊರಟುಹೋಗುತ್ತಾಳೆ ಅಂತ. ನನ್ನ ಅವ್ವ ಮಾಡುತ್ತಿದ್ದಳು, ಹೆಂಡತಿ ಮಾಡುತ್ತಿದ್ದಳು. ಮನೆಯ ಹಾಗೆ ನೋಡಿಕೊಳ್ಳಿ ಅಂದಿದ್ದೆ. ಆಯಿ ಮನೆಯ ಹಾಗೇ ನೋಡಿಕೊಂಡಿದ್ದಳು.

ಅಷ್ಟು ವಿಚಾರ ಆಗ ಎಲ್ಲಿ ಬರಬೇಕು? ನಾನು ಆ ದೀಪದ ಮುಂದೆ ನಿಂತು ಕಿರುಚಿದೆ: "ನಿಮ್ಮ ಲಕ್ಷ್ಮಿನ್ನ ತಗೊಂಡು ನಾ ಏನ್ ಮಾಡ್ಲಿ? ಹಾಳಾಗಿ ಹೋಗ್ಲಿ ಆಕಿ! ನನಗ ಇದ್ದದ್ದು ಅದೊಂದ ಜೀವಾ. ನನ್ನ ಮನಿ ಹಾಳ ಮಾಡಿದ್ರಿ ನೀವು!"

ಮುಸ್ಸಂಜೆಯಲ್ಲಿ, ಹಚ್ಚಿದ ದೀಪದ ಮುಂದೆ, ಮುತ್ತಜ್ಜಿಯ ವಯಸ್ಸಿನವಳಿಗೆ ಆಡುವ ಮಾತೇ ಇದು? ಸಾವಕಾರರು "ಬಾಯಿ ಮುಚ್ಚಲೇ!" ಅಂತ ನನ್ನ ರಟ್ಟೆ ಹಿಡಿದು ಎಳೆದರು. ಆಯಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಬಲೆ ಸರಿ ಮಾಡುತ್ತಿದ್ದ ಒಬ್ಬ ಬೆಸ್ತ ನಡೆದದ್ದು ಹೇಳಿದ. "ಬಂದಿತ್ರಿ. ಹಲಿಗಿ ಕೆರಕೊಂತ ಅಳತಿತ್ತು. ಗಾಡಿ ಸುತ್ತ ಮೂರ್ನಾಕ ಸಲ ತಿರುಗ್ತು. ಆಮ್ಯಾಲೆ ಮುಂಡರಗಿ ದಾರಿ ಹಿಡದು ಓಡಿತು ನೋಡ್ರಿ, ತಿರುಗಿ ನೋಡಲಿಲ್ಲ." ನಾಯಿಯ ಮನಸ್ಸು ನನಗೇನು ಗೊತ್ತು. ಆದರೆ ಹಲಗೆ ಏರಿದರೆ ಗಾಡಿ ಹೊರಡುತ್ತದೆ ಅಂತ ಅದಕ್ಕೆ ಗೊತ್ತಿತ್ತು. ತನ್ನನ್ನು ಬಿಟ್ಟು ಹೊರಟೆವು ಅಂತ ತಿಳಿದು, ನಾವು ಯಾವಾಗಲೂ ಊರಿಗೆ ಮರಳುವ ಮುಂಡರಗಿ ದಾರಿಯಲ್ಲಿ ನಮ್ಮನ್ನು ಹುಡುಕಿಕೊಂಡು ಓಡಿರಬೇಕು. ಗದಗಿನವರೆಗೆ ಎತ್ತಿನ ಗಾಡಿಯ ಹಾಗೆ ಹೋದೆ, ಹಿಂಬಾಗಿಲು ತೆರೆದು, ಪ್ರತಿ ಹಳ್ಳದ ಹತ್ತಿರ ನಿಲ್ಲಿಸಿ ಕೂಗುತ್ತಾ.

ಆಮೇಲೆ ಹುಡುಕಿದ್ದೇ ಹುಡುಕಿದ್ದು. ಕೆಲಸವಿಲ್ಲದ ದಿನ ಸೈಕಲ್ ಹತ್ತಿ ಹೋಗುತ್ತಿದ್ದೆ. ಮುಂಡರಗಿಯ ಸಂತೆಯಲ್ಲಿ ಕೇಳಿದೆ, ದಾರಿಯ ಹಳ್ಳಿಗಳ ಅಗಸಿ ಬಾಗಿಲಲ್ಲಿ ಕುಳಿತವರನ್ನೆಲ್ಲ ಕೇಳಿದೆ. "ಕಂದು ಬಣ್ಣದ್ದೇನ್ರಿ? ನಮ್ಮೂರಾಗ ಹತ್ತು ಅದಾವ, ಯಾವುದರ ಒಯ್ರಿ" ಅಂದವನೊಬ್ಬನ ಕಪಾಳಕ್ಕೆ ಹೊಡೆಯಲು ಕೈ ಎತ್ತಿ ಇಳಿಸಿದೆ. ಅಡರಕಟ್ಟಿಯ ಹೊಲವೊಂದರಲ್ಲಿ ಇದೆ ಅಂತ ಖಬರು ಬಂತು. ಹೋದೆ. ಕಂದು ನಾಯಿಯೇ, ಹೆಣ್ಣೇ. ಕರೆದರೆ ಬಾಲ ಅಲ್ಲಾಡಿಸಿಕೊಂಡು ಬಂತು. ನಮ್ಮದಲ್ಲ. ಅದರ ತಲೆ ಸವರಿ, ಬದುವಿನ ಮೇಲೆ ಸ್ವಲ್ಪ ಹೊತ್ತು ಕುಳಿತು ವಾಪಸು ಬಂದೆ. ಕೊರ್ಲಹಳ್ಳಿಗೂ ಎರಡು ಸಲ ಹೋದೆ, ಆದರೆ ಆಯಿಯ ಮನೆಯ ಮುಂದೆ ಹೋಗದೆ ಹೊಲದ ದಾರಿಯಿಂದ ದಂಡೆಗೆ ಇಳಿದೆ. ಮುಖ ತೋರಿಸಲು ನಾಚಿಕೆ. ನಾಚಿಕೆಯ ಅಡಿಯಲ್ಲಿ ಸಿಟ್ಟು ಇನ್ನೂ ಆರಿರಲಿಲ್ಲ, ಅದನ್ನೂ ಹೇಳಬೇಕು.

ಏಕೀಕರಣದ ದಿನ ಗದಗಿನಲ್ಲಿ ಬೀದಿ ತುಂಬ ತೋರಣ. ಸಾವಕಾರರು ಗಾಡಿಗೆ ಬಾಳೆಕಂಬ ಕಟ್ಟಿಸಿ ಮೆರವಣಿಗೆಗೆ ಕಳಿಸಿದರು. ಕನ್ನಡದವರೆಲ್ಲ ಒಂದೇ ಮನೆಯವರಾದೆವು ಅಂತ ಯಾರೋ ಕೂಗಿ ಹೇಳುತ್ತಿದ್ದರು. ನನಗೂ ಖುಷಿಯಾಗಬೇಕಿತ್ತು, ಆಯಿತು ಕೂಡ, ಸುಳ್ಳು ಯಾಕೆ. ಆದರೆ ಹಿಂದೆ ನಾಯಿಯ ಜಾಗದಲ್ಲಿ ನಾಲ್ಕಾರು ಜನ ಹತ್ತಿ ಕಾಲು ಇಳಿಬಿಟ್ಟು ಕುಳಿತದ್ದು ಕನ್ನಡಿಯಲ್ಲಿ ಕಂಡಾಗ ತಡೆಯಲಾಗಲಿಲ್ಲ. ಗಾಡಿ ನಿಲ್ಲಿಸಿ ಅವರನ್ನೆಲ್ಲ ಇಳಿಸಿದೆ. "ಎಂಥಾ ಮನಶ್ಯಾನೋ ನೀನು, ಇಂಥಾ ದಿನ!" ಅಂದರು.

ಚಳಿಗಾಲ ಬಂತು. ಹೊಳೆ ಇಳಿಯಿತು. ಸಾವಕಾರರು ಮತ್ತೆ ಆಚೆ ದಂಡೆಗೆ ಹೊರಟರು, ಈ ಸಲ ಹಮಾಲ ಗಂಟು ಹೊತ್ತ. ನಾನು ಗಾಡಿಯನ್ನು ದಂಡೆಯ ಇನ್ನೊಂದು ತುದಿಗೆ ನಿಲ್ಲಿಸಿ ಬೀಡಿ ಸೇದುತ್ತಾ ಕುಳಿತೆ. ಸಂಜೆಯಾಗುತ್ತಾ ಬಂದಾಗ ಹರಗೋಲಿನವನು ಬಂದು ಹೇಳಿದ, "ಆಯಿ ನಿಮ್ಮನ್ನ ಕೇಳತಿರ್ತಾಳ್ರಿ. ಬಂದ್ರ ಕಳಸು ಅಂದಾಳ."

ಹೋದೆ. ಮುಂಬಾಗಿಲಲ್ಲಿ ಆಯಿಯ ಸೊಸೆ ಎಣ್ಣೆ ಹಾಕಿದ ದೀಪ, ಹೊಸೆದ ಬತ್ತಿ ಹಿಡಿದು ನಿಂತಿದ್ದಳು. ಹಚ್ಚಿರಲಿಲ್ಲ. ನನ್ನನ್ನು ನೋಡಿದ ಕೂಡಲೇ ದನಿ ತಗ್ಗಿಸಿ ಅಂದಳು:

"ನೀವರ ಒಂದು ಮಾತು ಹೇಳ್ರಿ ಅಣ್ಣಾರ. ಶ್ರಾವಣದಿಂದ ಹಿತ್ತಲ ಬಾಗಲಾ ಹಾಕಾಕ ಬಿಡವಲ್ರು ನಮ್ಮ ಅತ್ತಿ. ದೀಪದ ಹೊತ್ತಿನ್ಯಾಗ ಸೈತ. ಹೊಳಿ ಥಂಡಿ ಎಲ್ಲಾ ಮನ್ಯಾಗ. ಮಂದಿ ಆಡ್ಕೊಳ್ಳಾಕತ್ತಾರ."

ಒಳಗೆ ಆಯಿ ಗೋಡೆಗೆ ಒರಗಿ ಕಂಬಳಿ ಹೊದ್ದು ಕುಳಿತಿದ್ದಳು. ಇಳಿದುಹೋಗಿದ್ದಳು. ಅವಳ ಎದುರಿಗೆ ಹಿತ್ತಲ ಬಾಗಿಲು ಪೂರ್ತಿ ತೆರೆದಿತ್ತು. ಹೊಸ್ತಿಲ ಮೇಲೆ ಅರ್ಧ ರೊಟ್ಟಿ.

"ಬಾ ತಮ್ಮಾ," ಅಂದಳು. "ಸಿಕ್ತೇನೋ?"

"ಇಲ್ಲ ಆಯಿ."

"ಇದ ದಾರಿಲೆ ಹೋಗೇತಿ, ಇದ ದಾರಿಲೆ ಬರತೈತಿ. ಬಾಗಲಾ ಹಾಕಿದ್ದು ನೋಡಿದ್ರ ಮತ್ತ ತಿರುಗಿ ಹೋಗೂದು ಬ್ಯಾಡ ಅಂತ ತಗದಿಟ್ಟೀನಿ."

ಜೀವಮಾನವೆಲ್ಲ ಒಂದು ಸಂಜೆಯೂ ತಪ್ಪದೆ ಆ ಬಾಗಿಲು ಹಾಕಿದ ಹೆಂಗಸು. ನಾನು ಹಾಳಾಗಿ ಹೋಗಲಿ ಅಂದ ಲಕ್ಷ್ಮಿಯನ್ನು ನನ್ನ ನಾಯಿಗೋಸ್ಕರ ನಾಲ್ಕು ತಿಂಗಳಿಂದ ದಿನಾ ಬಿಟ್ಟುಕೊಡುತ್ತಾ ಕುಳಿತಿದ್ದಳು. ಅವಳ ಕಾಲ ಹತ್ತಿರ ಕುಳಿತೆ.

"ತಪ್ಪಾತು ಆಯಿ. ಅವತ್ತ ಬಾಯಿಗೆ ಬಂದಂಗ ಅಂದೆ."

"ಸಿಟ್ಟಿನ ಮಾತು ಬಿಡು. ನಾಯಿ ಹೋತಲ್ಲೋ."

"ಬಾಗಲಾ ಹಾಕ್ರಿ ಇನ್ನ. ಥಂಡಿ ಐತಿ."

"ಬಂದ್ರ?"

"ಬರೂದಿಲ್ಲ ಆಯಿ," ಅಂದೆ. ಆ ಮಾತನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿಕೊಂಡಿರಲಿಲ್ಲ.

"ನಾ ಹಾಕಾಕಿ ಅಲ್ಲಪಾ. ಒಮ್ಮಿ ಹಾಕಿ ಸಾಕಾಗೇತಿ. ನೀನ ಹಾಕು."

ಎದ್ದು ಹೋಗಿ ಹೊಸ್ತಿಲ ಮೇಲೆ ನಿಂತೆ. ಹಿತ್ತಲು, ಅದರಾಚೆ ಬಣವೆ, ಅದರಾಚೆ ಮುಂಡರಗಿಯ ದಾರಿ. ದಾರಿಯಲ್ಲಿ ಯಾರೂ ಇರಲಿಲ್ಲ. ಕತ್ತಲಾಗುವವರೆಗೆ ನಿಲ್ಲುತ್ತಿದ್ದೆನೋ ಏನೋ. ಆದರೆ ಹಿಂದೆ ಸೊಸೆ ದೀಪ ಹಿಡಿದು ಕಾಯುತ್ತಿದ್ದಳು. ಬಾಗಿಲು ಎಳೆದು ಅಗಳಿ ಹಾಕಿದೆ. ಅಗಳಿಯ ಮೇಲೆ ಕೈಯಿಟ್ಟುಕೊಂಡೇ ಅತ್ತುಬಿಟ್ಟೆ. ಹೆಂಡತಿ ಸತ್ತ ಸುದ್ದಿ ಕೇಳಿದಾಗಲೂ ಹಾಗೆ ಅತ್ತಿರಲಿಲ್ಲ. ಆಯಿಯೂ ಅಳುತ್ತಿದ್ದಳು. ಆಮೇಲೆ ಸೊಸೆ ದೀಪ ಹಚ್ಚಿದಳು.